ಆರೋಗ್ಯ ಚಿಂತನ: ಮರೆಮಾಚಬಾರದ ಗಂಟು

ಮನೆಮಂದಿಯ ಕಾಯಿಲೆಗಳಿಗೆ ಹಗಲಿರುಳು ಶುಶ್ರೂಷೆ ಮಾಡುವ ತಾಯಿ ತನ್ನ ದೇಹದ ತೊಂದರೆಯನ್ನು ಹೇಳಿಕೊಳ್ಳುವುದು ಎಲ್ಲರಿಗಿಂತ ಕಡೆಗೆ. ಅದು ಸ್ತನದಲ್ಲಿ ಕಾಣಿಸಿಕೊಂಡ ಗಂಟಾದರಂತೂ ಸಂಕೋಚವು ಬಾಯಿ ಕಟ್ಟಿಬಿಡುತ್ತದೆ. ನೋವಿಲ್ಲವೆಂಬ ಸಮಾಧಾನದಲ್ಲಿ ತಿಂಗಳುಗಳು ಉರುಳುತ್ತವೆ. ಆದುದರಿಂದ ಸ್ತನ ಕ್ಯಾನ್ಸರಿನ ವಿಷಯವನ್ನು ಈ ಬಾರಿ ಮುಚ್ಚುಮರೆಯಿಲ್ಲದೆ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಈ ರೋಗವು ಎಲ್ಲ ಸೀಮೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ ಕ್ಯಾನ್ಸರ್ ರೋಗಿಗಳ ದಾಖಲಾತಿ ಆರಂಭವಾಯಿತು. 1987ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಹಳ್ಳಿಗಳ ದಾಖಲಾತಿಯೂ ಮೊದಲಾಯಿತು. ನಗರಗಳಿಗಿಂತ ಬಾರ್ಶಿಯ ಹಳ್ಳಿಗಳಲ್ಲಿ ಸ್ತನ ಕ್ಯಾನ್ಸರ್ ಬಹಳ ಕಡಿಮೆಯೆಂದು ಕಂಡುಬಂದಿತು. ಬೆಂಗಳೂರಿನಲ್ಲಿಯೂ ಆಗ ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರೇ ಮುಂದಿದ್ದಿತು. ಇಂದು ಆ ಸ್ಥಾನ ಸ್ತನ ಕ್ಯಾನ್ಸರಿನದಾಗಿದೆ.

ಇದಕ್ಕೆ ಕಾರಣ ಬಹುಮಟ್ಟಿಗೆ ಬದಲಾದ ಜೀವನಕ್ರಮ. ತಡವಾದ ಮೊದಲ ಹೆರಿಗೆ, ಕಡಿಮೆ ಮಕ್ಕಳು, ಮೊಲೆಯೂಡಿಸುವ ಅವಧಿಯ ಇಳಿಕೆ, ಮುಟ್ಟು ನಿಂತ ನಂತರದ ಬೊಜ್ಜು ಇವು ಅಪಾಯವನ್ನು ಹೆಚ್ಚಿಸುತ್ತವೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಪ್ರತಿ 12 ತಿಂಗಳ ಸ್ತನ್ಯಪಾನದಿಂದ ತಾಯಿಯ ಅಪಾಯವು ಶೇಕಡಾ 4.3ರಷ್ಟು ತಗ್ಗುತ್ತದೆ. ಹಾಗೆಂದು ರೋಗ ಬಂದವಳನ್ನು ದೂಷಿಸುವುದು ಸಲ್ಲದು. ಹಲವು ಮಕ್ಕಳಿಗೆ ಹಾಲೂಡಿಸಿದ ತಾಯಿಗೂ ಇದು ಬರಬಹುದು.

ಹಳ್ಳಿಯಲ್ಲಿ ರೋಗ ಕಡಿಮೆಯೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 23 ಲಕ್ಷ ಸ್ತ್ರೀಯರಿಗೆ ಈ ರೋಗ ತಗುಲಿತು, ಸುಮಾರು 6.7 ಲಕ್ಷ ಮಂದಿ ಇದರಿಂದ ಮೃತರಾದರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 1.92 ಲಕ್ಷ, ಸಾವುಗಳು ಸುಮಾರು 98 ಸಾವಿರ. ರೋಗಿಗಳ ಎದುರು ಸಾವಿನ ಪಾಲು ನಮ್ಮಲ್ಲಿ ಇಷ್ಟು ಹೆಚ್ಚಾಗಲು ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವುದು ಮುಖ್ಯ ಕಾರಣ. ಮೇಲಾಗಿ ನಮ್ಮ ರೋಗಿಗಳು ಪಾಶ್ಚಾತ್ಯ ದೇಶಗಳವರಿಗಿಂತ ಸುಮಾರು ಹತ್ತು ವರ್ಷ ಕಿರಿಯರು. ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ವಯಸ್ಸಿನವರು.

ಪರಿಹಾರ ದುಬಾರಿಯಾದುದೇ ಆಗಬೇಕೆಂದಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಒಳಗೊಂಡ ಅಧ್ಯಯನ ನಡೆಸಿದರು. ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಸಾವು ಶೇಕಡಾ 30ರಷ್ಟು ತಗ್ಗಿದುದು 2021ರಲ್ಲಿ ಪ್ರಕಟವಾಯಿತು.

ತಾಯಂದಿರೇ, ಗಂಟು, ತೊಟ್ಟು ಒಳಸೇರುವುದು, ರಕ್ತಮಿಶ್ರಿತ ಸ್ರಾವ, ಚರ್ಮ ಸುಕ್ಕುಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿರಿ. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ; ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಸೊಸೆ ಹೇಳಲು ಅಳುಕಿದರೆ ಅತ್ತೆಯೇ ಕೇಳಲಿ. ಹೊಲಮನೆಯ ಕೆಲಸವನ್ನು ಒಂದು ದಿನ ಬದಿಗಿಟ್ಟು ಗಂಡನೇ ಜೊತೆಯಲ್ಲಿ ಹೋಗಲಿ. ಅಂದು ಉಳಿಸಿದ ಒಂದು ದಿನಕ್ಕಾಗಿ ಮುಂದೆ ಇಡೀ ಸಂಸಾರವೇ ಮರುಗುವಂತಾಗಬಾರದೆಂಬುದೇ ನಮ್ಮ ಕಳಕಳಿಯ ಬಿನ್ನಹ.