ಕಾಗದದ ಮೇಲೆ ಸುಡುವ ಮೋಟಾರ್

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯ ಎರಡೂ ಬದಿಗೆ ಹೊಲ, ಗದ್ದೆ, ಅಡಿಕೆ ತೋಟ. ಬೇಸಿಗೆ ಬಂತೆಂದರೆ ಇಲ್ಲಿನ ಅನೇಕ ತೋಟಗಳ ಜೀವ ಕೊಳವೆಬಾವಿಯಲ್ಲಿರುತ್ತದೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೂ ರೈತ ಟಾರ್ಚು ಹಿಡಿದು ತೋಟಕ್ಕೆ ಓಡಬೇಕಿಲ್ಲ. ಪಂಪ್‌ಮನೆಯ ಗೋಡೆಗೆ ಬಡಿದ ಆಟೋ ಸ್ಟಾರ್ಟರ್ ತಾನೇ ಮೋಟಾರನ್ನು ಚಾಲೂ ಮಾಡುತ್ತದೆ. ಆದರೆ ಬೆಳಿಗ್ಗೆ ಹೋಗಿ ನೋಡಿದಾಗ ಮೋಟಾರ್ ಸುಟ್ಟುಹೋಗಿದ್ದರೆ? ಪೈಪು ಎತ್ತಿಸುವ ಕೂಲಿ, ರಿವೈಂಡಿಂಗ್ ಖರ್ಚು, ಅಷ್ಟು ದಿನ ನೀರು ಕಾಣದ ತೋಟ. ಸ್ಟಾರ್ಟರ್ ಬಿಚ್ಚಿ ನೋಡಿದರೆ ಒಂದು ತಂತಿಯೂ ಕಡಿದಿಲ್ಲ, ಒಂದು ಬಿಡಿಭಾಗವೂ ಕೆಟ್ಟಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ?

ಹೊಸ ಬಗೆಯ ಸ್ಟಾರ್ಟರುಗಳಲ್ಲಿ ಉಗುರಿನಷ್ಟು ಗಾತ್ರದ ಒಂದು ಗಣಕವಿರುತ್ತದೆ. ಯಂತ್ರದೊಳಗೆ ಹುದುಗಿ ಕುಳಿತು ಅದನ್ನು ನಡೆಸುವ ಇಂಥ ಗಣಕಕ್ಕೆ ‘ಎಂಬೆಡೆಡ್ ಸಿಸ್ಟಂ’ ಎಂದು ಹೆಸರು. ವಾಷಿಂಗ್ ಮೆಷಿನ್, ಕಾರಿನ ಎಬಿಎಸ್ ಬ್ರೇಕು, ಆಸ್ಪತ್ರೆಯ ಐಸಿಯು ಉಪಕರಣ, ಮತಯಂತ್ರ ಎಲ್ಲದರೊಳಗೂ ಅದು ಇದೆ. ಅದು ಹೇಳಿದ್ದನ್ನು ಮಾತ್ರ ಮಾಡುತ್ತದೆ. ಹೇಳದೇ ಬಿಟ್ಟದ್ದನ್ನು ಊಹಿಸಿಕೊಳ್ಳುವುದಿಲ್ಲ.

ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ವೃತ್ತ ಬರೆಯಿರಿ: ‘ನಿಂತಿದೆ’, ‘ಕಾಯುತ್ತಿದೆ’, ‘ಓಡುತ್ತಿದೆ’, ‘ದೋಷ’. ಮೂರೂ ಫೇಸ್ ಬಂದರೆ ‘ನಿಂತಿದೆ’ಯಿಂದ ‘ಕಾಯುತ್ತಿದೆ’ಗೆ ಒಂದು ಬಾಣ. ಎರಡು ನಿಮಿಷ ಕಳೆದರೆ ಅಲ್ಲಿಂದ ‘ಓಡುತ್ತಿದೆ’ಗೆ ಇನ್ನೊಂದು. ಬಾವಿಯಲ್ಲಿ ನೀರು ಬತ್ತಿದರೆ, ಇಲ್ಲವೇ ಒಂದು ಫೇಸ್ ಹೋದರೆ ‘ದೋಷ’ಕ್ಕೆ ಬಾಣ. ಕರೆಂಟು ಹೋದರೆ ಎಲ್ಲ ವೃತ್ತಗಳಿಂದಲೂ ‘ನಿಂತಿದೆ’ಗೆ ಬಾಣ. ಸರಿಯಾಗಿಯೇ ಇದೆ ಅನಿಸುತ್ತದೆ ಅಲ್ಲವೇ?

ಈಗ ಬೆರಳಿಟ್ಟು ಬಾಣಗಳ ಮೇಲೆ ನಡೆಯಿರಿ. ನೀರು ಬತ್ತಿತು, ಸ್ಟಾರ್ಟರ್ ‘ದೋಷ’ಕ್ಕೆ ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು, ‘ನಿಂತಿದೆ’ಗೆ ಬಂತು. ಐದು ನಿಮಿಷಕ್ಕೆ ಕರೆಂಟು ಮರಳಿತು. ಬಾವಿ ಬತ್ತಿದ್ದು ಸ್ಟಾರ್ಟರಿಗೆ ಮರೆತೇಹೋಗಿದೆ! ಮೋಟಾರ್ ಮತ್ತೆ ಒಣಬಾವಿಯಲ್ಲಿ ತಿರುಗುತ್ತದೆ. ರಾತ್ರಿ ಹತ್ತು ಸಲ ಕರೆಂಟು ಹೋಗಿ ಬಂದರೆ ಹತ್ತು ಸಲವೂ ಹೀಗೆಯೇ. ಕೊಳವೆಬಾವಿಯೊಳಗಿನ ಮೋಟಾರಿಗೆ ಸುತ್ತಲ ನೀರೇ ತಂಪು. ನೀರಿಲ್ಲದೆ ಪದೇ ಪದೇ ತಿರುಗಿದರೆ ಅದು ಕಾದು ಸುಡುತ್ತದೆ. ತಪ್ಪು ಇರುವುದು ತಂತಿಯಲ್ಲಲ್ಲ, ಒಂದು ಬಾಣದಲ್ಲಿ.

ಯಂತ್ರ ಕಟ್ಟುವ ಮೊದಲು ಅದರ ನಡವಳಿಕೆಯನ್ನು ಹೀಗೆ ಚಿತ್ರದಲ್ಲಿ, ಗಣಿತದಲ್ಲಿ ಕಟ್ಟಿ ಅಲ್ಲಿಯೇ ಕೆಡಿಸಿ ನೋಡುವ ವಿದ್ಯೆಗೆ ಮಾದರಿ ಆಧಾರಿತ ಎಂಜಿನಿಯರಿಂಗ್ ಎನ್ನುತ್ತಾರೆ. ಹೆಸರು ಹೊಸದು, ಇದರ ಹಿಂದಿನ ವಿವೇಕ ಸೊರಬಕ್ಕೆ ಹೊಸದಲ್ಲ. ಸೊರಬ, ಸಾಗರಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಮರದ ಮೈಯನ್ನು ನಯಮಾಡಿ, ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಚಿತ್ತಾರವನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು ಆಮೇಲೆ ಉಳಿ ಹಿಡಿಯುವುದು ಅವರ ಹಳೆಯ ಪದ್ಧತಿ. ಕಾಗದದ ಗೆರೆ ತಪ್ಪಿದರೆ ತಿದ್ದಬಹುದು. ಗಂಧದ ಮೇಲೆ ಉಳಿ ತಪ್ಪಿದರೆ ತುಂಡೇ ಹೋಯಿತು.

ಆದರೆ ಬೆರಳಿಟ್ಟು ನಡೆಯುವುದು ನಾಲ್ಕು ವೃತ್ತಗಳಿಗೆ ಸಾಕು. ‘ಹೌದು–ಇಲ್ಲ’ ಎಂಬ ಉತ್ತರದ ನಾಲ್ಕು ಸಂಗತಿಗಳಿದ್ದರೆ 16 ಸನ್ನಿವೇಶ. ಇಪ್ಪತ್ತಾದರೆ 10,48,576. ಮೂವತ್ತಾದರೆ 107 ಕೋಟಿಗೂ ಹೆಚ್ಚು. ಆಧುನಿಕ ವಿಮಾನದಲ್ಲಿ ಇಂಥ ಸಂಗತಿಗಳು ಸಾವಿರಾರು. ವೃತ್ತದೊಳಗೆ ವೃತ್ತ ಇಟ್ಟು ಈ ಜಟಿಲತೆಯನ್ನು ಹಿಡಿತಕ್ಕೆ ತರುವ ಚಿತ್ರಭಾಷೆಯೊಂದನ್ನು ಇಸ್ರೇಲಿನ ಡೇವಿಡ್ ಹರೆಲ್ ರೂಪಿಸಿದರು. ‘ಲಾವಿ’ ಎಂಬ ಯುದ್ಧವಿಮಾನದ ಯೋಜನೆಗೆ ಸಲಹೆಗಾರರಾಗಿದ್ದಾಗ ಹೊಳೆದ ಆ ‘ಸ್ಟೇಟ್‌ಚಾರ್ಟ್’ ಬಗ್ಗೆ ಅವರ ಪ್ರಬಂಧ 1987ರಲ್ಲಿ ಬಂತು. ಕೋಟ್ಯಂತರ ಸನ್ನಿವೇಶಗಳನ್ನು ಗಣಕವೇ ತಾಳೆ ನೋಡುವ ‘ಮಾಡೆಲ್ ಚೆಕಿಂಗ್’ ವಿಧಾನಕ್ಕಾಗಿ ಕ್ಲಾರ್ಕ್, ಎಮರ್ಸನ್ ಮತ್ತು ಸಿಫಾಕಿಸ್ ಎಂಬ ಮೂವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ‘ತೇಜಸ್’ ಲಘು ಯುದ್ಧವಿಮಾನ ಚುರುಕಾಗಿ ತಿರುಗಲೆಂದು ಅದನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲನ್ನು ನೆನೆಯಿರಿ. ಕೈ ಕ್ಷಣಕ್ಷಣವೂ ಹೊಂದಿಸಿಕೊಳ್ಳದಿದ್ದರೆ ಕೋಲು ಬೀಳುತ್ತದೆ. ತೇಜಸ್‌ನಲ್ಲಿ ಆ ಕೆಲಸ ನಾಲ್ಕು ಸಮಾನಾಂತರ ವಾಹಿನಿಗಳುಳ್ಳ ಗಣಕದ್ದು. ಅದಕ್ಕೆ ಕಲಿಸಬೇಕಾದ ನಿಯಂತ್ರಣ ನಿಯಮಗಳನ್ನು ರೂಪಿಸಲು 1992ರಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಒಂದು ತಂಡ ರಚನೆಯಾಯಿತು. ವಿಮಾನದ ತೂಕ, ರೆಕ್ಕೆ, ಗಾಳಿಯ ಒತ್ತಡ ಎಲ್ಲವೂ ಮೊದಲು ಸಮೀಕರಣಗಳಾದವು. ಪೈಲಟ್‌ಗಳು ನೆಲದ ಮೇಲಿನ ಸಿಮ್ಯುಲೇಟರಿನಲ್ಲಿ ಕುಳಿತು ಇನ್ನೂ ಹಾರದ ವಿಮಾನವನ್ನು ಹಾರಿಸಿದರು. ಬಳಿಕ ನಿಜವಾದ ಗಣಕ, ಹೈಡ್ರಾಲಿಕ್ ಸಲಕರಣೆಗಳನ್ನು ವಿಮಾನದಲ್ಲಿರುವಂತೆಯೇ ಚೌಕಟ್ಟಿಗೆ ಜೋಡಿಸಿದ ‘ಐರನ್ ಬರ್ಡ್’ ಮೇಲೆ ಪರೀಕ್ಷೆಗಳು ನಡೆದವು. 1998ರ ಪೋಖ್ರಾಣ್ ಅಣುಪರೀಕ್ಷೆಯ ನಂತರ ಅಮೆರಿಕದ ನೆರವು ನಿಂತಿತು, ಕೆಲಸ ನಿಲ್ಲಲಿಲ್ಲ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಅದನ್ನು ಮೊದಲ ಬಾರಿಗೆ ಆಕಾಶಕ್ಕೆ ಒಯ್ದು 18 ನಿಮಿಷ ಹಾರಿಸಿ ಇಳಿಸಿದರು.

ಇಷ್ಟು ಎಚ್ಚರ ಏಕೆಂಬುದಕ್ಕೆ ಸ್ವೀಡನ್ನಿನ ‘ಗ್ರಿಪೆನ್’ ಸಾಕ್ಷಿ. ಅದರ ಮೊದಲ ಮೂಲಮಾದರಿ 1989ರ ಫೆಬ್ರವರಿ 2ರಂದು ಇಳಿಯುವಾಗ ಓಲಾಡಿ ರನ್‌ವೇ ಮೇಲೆ ಉರುಳಿತು. ಪೈಲಟ್ ಕೈ ಮತ್ತು ಗಣಕದ ತಿದ್ದುಪಡಿ ಒಂದಕ್ಕೊಂದು ತಾಳ ತಪ್ಪಿದ್ದವು. ಪೈಲಟ್ ಬದುಕುಳಿದರು. ಮಾದರಿಯೊಳಗೆ ಯಂತ್ರ ಮಾತ್ರವಲ್ಲ, ಅದನ್ನು ನಡೆಸುವ ಮನುಷ್ಯನ ಕೈಯೂ ಇರಬೇಕೆಂಬ ಪಾಠ ಜಗತ್ತಿಗೆ ಸಿಕ್ಕಿತು.

ಇನ್ನೊಂದು ಪಾಠ ಚಂದ್ರನಲ್ಲಿ ಸಿಕ್ಕಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ‘ವಿಕ್ರಮ್’ ಇಳಿಯುವಾಗ ನೆಲಕ್ಕೆ ಅಪ್ಪಳಿಸಿತು. ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ 2023ರಲ್ಲಿ ಕಾರಣ ವಿವರಿಸಿದರು. ಐದು ಎಂಜಿನುಗಳು ಲೆಕ್ಕಕ್ಕಿಂತ ಹೆಚ್ಚು ಬಲ ಕೊಟ್ಟವು. ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋದವು. ಅವನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಯಿತು, ಆದರೆ ತಿರುಗುವ ವೇಗಕ್ಕೆ ತಂತ್ರಾಂಶ ಮಿತಿ ಹಾಕಿತ್ತು. ಇಳಿಯಬೇಕಾದ ಜಾಗವೂ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ. ಚಂದ್ರಯಾನ-3ರಲ್ಲಿ ಪ್ರಶ್ನೆಯನ್ನೇ ತಿರುಗಿಸಿ ಕೇಳಲಾಯಿತು: ಏನೇನು ಕೆಡಬಹುದು? ಎಂಜಿನ್ ಕೆಟ್ಟರೆ? ಸೆನ್ಸರ್ ಕೈಕೊಟ್ಟರೆ? ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು, ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನೌಕೆ ಚಂದ್ರನ ಮೇಲೆ ಮೆಲ್ಲಗೆ ಇಳಿಯಿತು.

ಮಾದರಿ ಎಷ್ಟೇ ಜಾಣವಾಗಿರಲಿ, ಕೇಳದ ಪ್ರಶ್ನೆಗೆ ಅದು ಉತ್ತರ ಹೇಳುವುದಿಲ್ಲ. ಪ್ರಶ್ನೆ ಹುಟ್ಟಬೇಕಾದದ್ದು ಮನುಷ್ಯನ ತಲೆಯಲ್ಲಿ. ‘ಹಾಗಾದರೆ ಏನಾಗುತ್ತೆ, ಹೀಗಾದರೆ ಏನಾಗುತ್ತೆ’ ಎಂದು ಪೀಡಿಸುವ ಮಗುವನ್ನು ಗದರಿಸಿ ಕೂರಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಇಂಥ ಪ್ರಶ್ನೆ ಕೇಳಿದ್ದಕ್ಕೇ ಸಂಬಳ ಪಡೆಯುವ ಎಂಜಿನಿಯರುಗಳು ಇಂದು ಇದ್ದಾರೆ.

ವಿದ್ಯಾರ್ಥಿಗಳು ಆ ನಾಲ್ಕು ವೃತ್ತಗಳ ಹಾಳೆಗೆ ಮರಳಬಹುದು. ‘ದೋಷ’ ಕರೆಂಟು ಹೋದರೂ ನೆನಪಿನಲ್ಲಿ ಉಳಿಯಬೇಕು. ಬಾವಿಗೆ ನೀರು ಊರಲು ಸಾಕಷ್ಟು ಹೊತ್ತು ಬಿಟ್ಟ ಮೇಲೆಯೇ ಮೋಟಾರ್ ತಿರುಗಬೇಕು. ಬಾಣವನ್ನು ಹಾಗೆ ತಿದ್ದಿ ಬರೆಯಿರಿ. ಅದಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಒಂದೇ ಟಿ.ಸಿ.ಗೆ ಸೇರಿದ ಇಪ್ಪತ್ತು ಪಂಪ್‌ಸೆಟ್ಟುಗಳೂ ಕರೆಂಟು ಬಂದ ಸರಿಯಾಗಿ ಎರಡು ನಿಮಿಷಕ್ಕೆ ಒಟ್ಟಿಗೇ ಚಾಲೂ ಆದರೆ ಟಿ.ಸಿ. ಗತಿ ಏನು? ಉತ್ತರ ಹುಡುಕಲು ಇನ್ನೊಂದು ಹಾಳೆ ಬೇಕಾದೀತು. ಹಾಳೆ ಎಷ್ಟು ಸಲ ಹರಿದರೂ ಖರ್ಚು ಕಡಿಮೆ.