ಹೆಸರಿಗೊಬ್ಬ ಬಾದಶಹ

ದೆಹಲಿಯಿಂದ ಪಕ್ಕದ ಪಾಲಂವರೆಗೆ ಮಾತ್ರ ಅವನ ರಾಜ್ಯ ಎಂದು ಮೊಗಲ್ ಬಾದಶಹ ಎರಡನೇ ಶಾ ಆಲಂನನ್ನು ಜನ ಆಡಿಕೊಂಡರು. ಆ ಮಾತು ಇಂದಿಗೂ ಉಳಿದಿದೆ. ಕೈಲಾಗದವನು ಎಂದು ಅವನನ್ನು ಬದಿಗೆ ಸರಿಸುವುದು ಸುಲಭ. ಆದರೆ ಅವನು ಹೇಡಿಯಾಗಿರಲಿಲ್ಲ. ರಾಜಕುಮಾರನಾಗಿದ್ದಾಗ ವಜೀರ ಇಮಾದ್-ಉಲ್-ಮುಲ್ಕ್‌ನ ಸೈನಿಕರು ಮನೆಗೆ ಮುತ್ತಿಗೆ ಹಾಕಿದರೆ, ಕತ್ತಿ ಹಿಡಿದು ಹೊರಬಿದ್ದವನು. 1759ರಲ್ಲಿ ಅದೇ ವಜೀರ ಅವನ ತಂದೆಯನ್ನು ಕೊಲ್ಲಿಸಿದ. ಬಿಹಾರದಲ್ಲಿದ್ದ ಮಗ ಅಲ್ಲೇ ಬಾದಶಹನೆಂದು ಘೋಷಿಸಿಕೊಂಡ. ದೆಹಲಿಯ ಸಿಂಹಾಸನ ಮುಟ್ಟಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

ಅವನ ಆಳ್ವಿಕೆಯಲ್ಲಿ ನನ್ನನ್ನು ಕಾಡುವುದು ಒಂದು ದಿನ: 1765ರ ಆಗಸ್ಟ್ 12. ಹಿಂದಿನ ವರ್ಷ ಬಕ್ಸಾರ್ ಕದನದಲ್ಲಿ ಸೋತವರ ಪಾಳೆಯದಲ್ಲಿದ್ದ ಶಾ ಆಲಂ ಅಂದು ಅಲಹಾಬಾದಿನಲ್ಲಿ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ದಿವಾನಿ ಎಂದರೆ ಕಂದಾಯ ಎತ್ತುವ ಹಕ್ಕು. ಪ್ರತಿಯಾಗಿ ವರ್ಷಕ್ಕೆ 26 ಲಕ್ಷ ರೂಪಾಯಿ. ಅವನಿಗೆ ಬೇರೆ ದಾರಿಯೇ ಇರಲಿಲ್ಲ ಎನ್ನುವವರುಂಟು. ಇರಲಿಕ್ಕಿಲ್ಲ. ಆದರೆ ತೆರಿಗೆ ಕಟ್ಟುವ ನಮ್ಮಂಥವರು ಆ ಕಾಗದವನ್ನು ರೈತನ ಅಂಗಳದಲ್ಲಿ ನಿಂತು ಓದಬೇಕು. ಅವನ ಬೆಳೆಯ ಪಾಲು ಇನ್ನು ಮುಂದೆ ಲಂಡನ್ನಿನ ಷೇರುದಾರರ ಲಾಭವಾಯಿತು. ಅವನನ್ನು ಕೇಳಿದವರು ಯಾರೂ ಇಲ್ಲ.

ಐದೇ ವರ್ಷಕ್ಕೆ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಮೂರನೇ ಒಂದು ಭಾಗ ಜನ ಸತ್ತರೆಂದು ಕಂಪನಿಯ ಗವರ್ನರ್ ವಾರನ್ ಹೇಸ್ಟಿಂಗ್ಸ್‌ನೇ ಅಂದಾಜು ಮಾಡಿದ. ಆದರೂ 1771ರ ನಿವ್ವಳ ಕಂದಾಯ 1768ಕ್ಕಿಂತ ಹೆಚ್ಚಿತ್ತು. ಅದನ್ನು ಬರೆದವನೂ ಅವನೇ. ಹೆಣದ ಮನೆಗಳ ಬಾಕಿಯನ್ನು ಬದುಕಿದ್ದವರಿಂದ ವಸೂಲು ಮಾಡಿದ್ದರು. ಇದನ್ನು ಎಷ್ಟು ಸಲ ಓದಿದರೂ ಕರುಳು ಹಿಂಡಿದಂತಾಗುತ್ತದೆ.

ಬಾದಶಹನಿಗಾದರೂ ದುಡ್ಡು ದಕ್ಕಿತೇ? 1772ರ ಆರಂಭದಲ್ಲಿ ಮರಾಠರ ನೆರವಿನಿಂದ ಅವನು ದೆಹಲಿ ಸೇರಿದ ಮೇಲೆ ಕಂಪನಿ 26 ಲಕ್ಷವನ್ನೂ ನಿಲ್ಲಿಸಿತು; ಅವನಿಗೆಂದು ಬಿಟ್ಟಿದ್ದ ಅಲಹಾಬಾದ್, ಕೋರಾಗಳನ್ನು ಅವಧದ ನವಾಬನಿಗೆ 50 ಲಕ್ಷಕ್ಕೆ ಮಾರಿತು. ನಂಬಿಕಸ್ಥ ಸೇನಾಪತಿ ಮಿರ್ಜಾ ನಜಫ್ ಖಾನ್ 1782ರಲ್ಲಿ ತೀರಿಕೊಂಡ. 1788ರಲ್ಲಿ ನಿಧಿಯ ಆಸೆಗೆ ಕೆಂಪುಕೋಟೆಗೆ ನುಗ್ಗಿದ ರೋಹಿಲ್ಲಾ ಗುಲಾಂ ಖಾದಿರ್ ಬಾದಶಹನ ಎರಡೂ ಕಣ್ಣು ಕೀಳಿಸಿದ. ಮರಾಠಾ ಸರದಾರ ಮಹಾದಜಿ ಸಿಂಧಿಯಾ ಬಾದಶಹನನ್ನು ಮತ್ತೆ ಸಿಂಹಾಸನದಲ್ಲಿ ಕೂರಿಸಿದ. 1803ರಲ್ಲಿ ಬ್ರಿಟಿಷ್ ಜನರಲ್ ಲೇಕ್ ಕೋಟೆ ಹೊಕ್ಕಾಗ ಕಂಡದ್ದು ಹರಿದ ಮೇಲ್ಕಟ್ಟಿನ ಕೆಳಗೆ ಕುಳಿತಿದ್ದ ಒಬ್ಬ ಕುರುಡ ಮುದುಕನನ್ನು.

ಹೆಸರು ಮಾತ್ರ ಚಲಾವಣೆಯಲ್ಲಿತ್ತು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಟಂಕಸಾಲೆಯ ಬೆಳ್ಳಿ ರೂಪಾಯಿಯ ಮೇಲೂ ಶಾ ಆಲಂ ಎಂದೇ ಇತ್ತು. 1806ರಲ್ಲಿ ಅವನು ಸತ್ತ ಮೇಲೂ ಕಂಪನಿ ಬಂಗಾಳದಲ್ಲಿ ಅದೇ ಹೆಸರಿನ ನಾಣ್ಯ ಒತ್ತಿತು. 1835ರಲ್ಲಿ ಆ ಜಾಗಕ್ಕೆ ಇಂಗ್ಲೆಂಡಿನ ದೊರೆ ನಾಲ್ಕನೇ ವಿಲಿಯಂನ ಮುಖ ಬಂತು.