ಬೆಕ್ಕಿನ ಆಶ್ರಯಕ್ಕೆ ಬಾಗಿಲೂ ಬೇಕು

2023ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ಬನ್ನೇರುಘಟ್ಟ ಜೈವಿಕ ಉದ್ಯಾನದಲ್ಲಿ ಏಳು ಚಿರತೆ ಮರಿಗಳು ಸತ್ತವು. ಅವುಗಳನ್ನು ಕೊಂದದ್ದು ಬೇಟೆಗಾರನಲ್ಲ, ಹಸಿವೆಯೂ ಅಲ್ಲ. ನಮ್ಮ ಮನೆಯ ಬೆಕ್ಕಿಗೂ ಬರುವ ಫೆಲೈನ್ ಪ್ಯಾನ್‌ಲ್ಯುಕೋಪೇನಿಯಾ ಎಂಬ ವೈರಸ್ ರೋಗ. ಮರಿಗಳಿಗೆ ಲಸಿಕೆ ಹಾಕಲಾಗಿತ್ತು ಎಂದು ಉದ್ಯಾನದ ಅಧಿಕಾರಿಗಳು ಆಗ ಹೇಳಿದ್ದರು. ಅಲ್ಲಿ ಪಶುವೈದ್ಯರಿದ್ದಾರೆ, ಆಸ್ಪತ್ರೆ ಇದೆ, ಸರ್ಕಾರದ ದುಡ್ಡಿದೆ. ಅಂಥ ಕಡೆಯೇ ಹೀಗಾಗುವುದಾದರೆ, ಒಂದು ತಗಡಿನ ಶೆಡ್ ಕಟ್ಟಿ, ಒಬ್ಬ ದಿನಗೂಲಿಯವನನ್ನು ಇಟ್ಟು, ‘ಬೆಕ್ಕುಗಳ ಆಶ್ರಯಧಾಮ’ ಎಂದು ಬೋರ್ಡು ಹಾಕಿದ ಕಡೆ ಏನಾದೀತು?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ಈ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಬೇಕು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯಧಾಮಗಳಿಗೆ ಒಯ್ಯಬೇಕು ಎಂದು ಆದೇಶಿಸಿತು. ಅಂದಿನಿಂದ ‘ಶೆಲ್ಟರ್’ ಎಂಬುದು ನಗರಸಭೆ, ಪುರಸಭೆಗಳ ಕಡತದ ಮಾತಾಗಿದೆ. ಆದೇಶ ನಾಯಿಗಳದ್ದು, ನಿಜ. ಆದರೆ ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು. ನಾಯಿಗೆ ಶೆಡ್ ಎದ್ದ ಮೇಲೆ, ಇರಲಿ ಬಿಡಿ, ಪಕ್ಕದಲ್ಲೊಂದು ಖೋಲಿ ಬೆಕ್ಕಿಗೂ ಆಗಲಿ ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ದಾನಿಗಳೂ ಸಿಗುತ್ತಾರೆ. ಗೋಡೆಯ ಮೇಲೆ ಹೆಸರು ಬರುತ್ತದಲ್ಲ!

ನನ್ನ ವಾದ ಇಷ್ಟೇ. ಬಂದ ಬೆಕ್ಕನ್ನೆಲ್ಲ ಒಳಗೆ ಬಿಟ್ಟುಕೊಳ್ಳುವ ಆಶ್ರಯಧಾಮಕ್ಕಿಂತ ಆಶ್ರಯಧಾಮವೇ ಇಲ್ಲದಿರುವುದು ಬೆಕ್ಕಿಗೆ ಒಳ್ಳೆಯದು. ಪ್ರತ್ಯೇಕ ಕೋಣೆ, ಲಸಿಕೆ, ‘ಇಷ್ಟೇ’ ಎಂಬ ಲೆಕ್ಕ ಈ ಮೂರೂ ಇಲ್ಲದಿದ್ದರೆ ನಾವು ಕಟ್ಟುವುದು ರೋಗದ ಮನೆ. ಅದಕ್ಕೆ ದಯೆ ಎಂದು ಹೆಸರಿಡುವುದು ಬೇಡ.

ರೋಗದ ಗುಣವನ್ನು ಮೊದಲು ನೋಡೋಣ. ಪ್ಯಾನ್‌ಲ್ಯುಕೋಪೇನಿಯಾ ಎಂದರೆ ರಕ್ತದ ಬಿಳಿಕಣಗಳೆಲ್ಲ ಕುಸಿಯುವುದು. ವೈರಸ್ ಕರುಳಿನ ಒಳಪದರವನ್ನೂ ಎಲುಬಿನ ಮಜ್ಜೆಯನ್ನೂ ಹಾಳುಮಾಡುತ್ತದೆ. ಮರಿ ಜ್ವರದಿಂದ ಮುದುಡಿ ಕೂರುತ್ತದೆ, ವಾಂತಿ ಮಾಡುತ್ತದೆ, ಭೇದಿಯಾಗುತ್ತದೆ. ನೀರಿನ ಬಟ್ಟಲ ಮೇಲೆ ತಲೆಯಿಟ್ಟುಕೊಂಡು ಕೂತರೂ ನೀರು ಕುಡಿಯುವುದಿಲ್ಲ. ಮುಂಜಾನೆ ಆಡಿಕೊಂಡಿದ್ದ ಮರಿ ಮರುದಿನ ಇರುವುದಿಲ್ಲ. ಯಾರೋ ವಿಷ ಹಾಕಿದರು ಎಂದು ಜನ ಅಂದುಕೊಳ್ಳುವುದೂ ಉಂಟು. ಈ ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಸಲೈನು, ವಾಂತಿ ನಿಲ್ಲಿಸುವ ಮದ್ದು, ಬೇರೆ ಸೋಂಕು ತಡೆಯಲು ಆ್ಯಂಟಿಬಯೋಟಿಕ್, ಹಗಲುರಾತ್ರಿ ಆರೈಕೆ ಇಷ್ಟೇ ಚಿಕಿತ್ಸೆ. ಮನುಷ್ಯರಿಗೆ ಇದು ಅಂಟುವುದಿಲ್ಲ. ಆದರೆ ಮನುಷ್ಯರ ಚಪ್ಪಲಿ, ಲುಂಗಿ, ಕೈ, ಪೊರಕೆ ಹಿಡಿದು ಇದು ಕೋಣೆಯಿಂದ ಕೋಣೆಗೆ ನಡೆಯುತ್ತದೆ. ನೆಲದ ಬಿರುಕಿನಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು.

2025ರ ಆರಂಭದಲ್ಲಿ ರಾಯಚೂರಿನಿಂದಲೂ ಇದೇ ರೋಗಕ್ಕೆ ಬೆಕ್ಕುಗಳು ಸಾಯುತ್ತಿರುವ ಸುದ್ದಿ ಬಂತು. ಗದಗಕ್ಕೂ ರಾಯಚೂರಿಗೂ ನಡುವೆ ಇರುವುದು ಕೊಪ್ಪಳ ಜಿಲ್ಲೆಯೊಂದೇ.

ನಾಯಿಯ ಶೆಡ್ ಪಕ್ಕದ ಖೋಲಿ ಎಂದೆನಲ್ಲ, ಅದರಲ್ಲೂ ಒಂದು ಮಾತಿದೆ. 1978ರ ಸುಮಾರಿಗೆ ಜಗತ್ತಿನ ನಾಯಿಗಳಲ್ಲಿ ಹಠಾತ್ತನೆ ಕಾಣಿಸಿಕೊಂಡ ಪಾರ್ವೊ ವೈರಸ್ ಈ ಬೆಕ್ಕಿನ ವೈರಸ್ಸಿನ ಹತ್ತಿರದ ದಾಯಾದಿ. ಅದರ ಈಗಿನ ತಳಿಗಳು ಬೆಕ್ಕಿಗೂ ತಗಲಬಲ್ಲವು. ನಾಯಿಮರಿಯ ಭೇದಿ ತೊಳೆದ ಕೈಯಲ್ಲೇ ಬೆಕ್ಕಿನ ಮರಿಗೆ ಹಾಲಿಡುವ ವ್ಯವಸ್ಥೆಯನ್ನು ನಾವು ‘ಸಂಯುಕ್ತ ಪ್ರಾಣಿ ಆಶ್ರಯಧಾಮ’ ಎಂದು ಉದ್ಘಾಟನೆ ಮಾಡಿಬಿಡುತ್ತೇವೆ.

ಇನ್ನು ಬೆಕ್ಕಿನ ನೆಗಡಿ. ಹರ್ಪಿಸ್ ಮತ್ತು ಕ್ಯಾಲಿಸಿ ಎಂಬ ಎರಡು ವೈರಸ್‌ಗಳು ಇದಕ್ಕೆ ಮುಖ್ಯ ಕಾರಣ. ಹರ್ಪಿಸ್ ಒಮ್ಮೆ ಹೊಕ್ಕರೆ ಬೆಕ್ಕಿನ ಮೈಯಲ್ಲಿ ಜೀವನಪೂರ್ತಿ ಅಡಗಿ ಕೂರುತ್ತದೆ. ಬೆಕ್ಕು ಹೆದರಿದಾಗ, ಜಾಗ ಬದಲಾದಾಗ, ಗದ್ದಲ ಹೆಚ್ಚಿದಾಗ ಮತ್ತೆ ಹೊರಬರುತ್ತದೆ. ಆಶ್ರಯಧಾಮ ಅಂದರೆ ಈ ಮೂರೂ ಒಟ್ಟಿಗೆ. ಬೆಕ್ಕು ಗುಂಪಿನ ಪ್ರಾಣಿಯಲ್ಲ. ಅಡಗಲು ಒಂದು ಮೂಲೆ ಇಲ್ಲದೆ ಹತ್ತು ಅಪರಿಚಿತ ಬೆಕ್ಕುಗಳ ನಡುವೆ ಬಿಟ್ಟರೆ ಅದು ಉಣ್ಣುವುದನ್ನೇ ಬಿಡುತ್ತದೆ. ಅಡಗಲು ಬೇಕಾದದ್ದೇನು? ಅಂಗಡಿಯ ಖಾಲಿ ರಟ್ಟಿನ ಡಬ್ಬಿ. ಅದಕ್ಕೆ ದಾನಿಯ ಹೆಸರು ಬರೆಯಲು ಬರುವುದಿಲ್ಲವೆಂದೋ ಏನೋ, ಯಾರೂ ಕೊಡುವುದಿಲ್ಲ.

ನಮ್ಮ ಸ್ವಚ್ಛತೆಯ ಕಲ್ಪನೆ ಮೂಗಿನಲ್ಲಿದೆ. ಫಿನಾಯಿಲ್ ವಾಸನೆ ಬಂದರೆ ಸ್ವಚ್ಛವಾಯಿತು ಎಂದು ಲೆಕ್ಕ. ಆದರೆ ಪಾರ್ವೊ ಜಾತಿಯ ವೈರಸ್ ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬೆಕ್ಕೇ ಜಗ್ಗುತ್ತದೆ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ವಿಷ ಒಳಗೆ ಹೋಯಿತು. ಕೆಲಸ ಮಾಡುವುದು ಬ್ಲೀಚ್. ಮನೆಬಳಕೆಯ ಬ್ಲೀಚ್ ದ್ರಾವಣ ಒಂದು ಪಾಲಿಗೆ ನೀರು 32 ಪಾಲು. ಹೊಲಸನ್ನು ಮೊದಲು ಸೋಪಿನಿಂದ ತೊಳೆದು ತೆಗೆದಿರಬೇಕು, ದ್ರಾವಣ ಆಯಾ ದಿನವೇ ಕಲಸಿದ್ದಿರಬೇಕು, ನೆಲ 10 ನಿಮಿಷ ಒದ್ದೆಯಾಗಿರಬೇಕು, ಆಮೇಲೆ ನೀರಿನಿಂದ ತೊಳೆದು ಒಣಗಿಸಬೇಕು. ಹೊಲಸಿನ ಮೇಲೇ ಬ್ಲೀಚ್ ಸುರಿದರೆ ಅದರ ಬಲ ಹೊಲಸಿನಲ್ಲೇ ಖರ್ಚಾಗಿಹೋಗುತ್ತದೆ.

ಇದಕ್ಕೆಲ್ಲ ನೀರು ಬೇಕು. ಗದಗ-ಬೆಟಗೇರಿಯಲ್ಲಿ ನಲ್ಲಿಯ ನೀರಿಗಾಗಿ ದಿನ ಎಣಿಸುವುದು ಏನೆಂದು ಅಲ್ಲಿನ ಹೆಣ್ಣುಮಕ್ಕಳನ್ನು ಕೇಳಿ. ತುಂಗಭದ್ರೆ ಮುಂಡರಗಿಯ ಸೀಮೆಯಲ್ಲೇ ಹರಿದರೂ ಬೇಸಿಗೆಯಲ್ಲಿ ಕೊಡಗಳ ಸಾಲು ತಪ್ಪುವುದಿಲ್ಲ. ಮನುಷ್ಯರಿಗೇ ನೀರು ಅಳೆದು ಸಿಗುವ ಊರಲ್ಲಿ ಐವತ್ತು ಪಂಜರಗಳನ್ನು ದಿನಾ ಎರಡು ಸಲ ತೊಳೆಯುವ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಅಡಿಗಲ್ಲು ಇಡುವ ಮೊದಲೇ ಬರೆದಿಡಬೇಕು. ನೀರು ಹತ್ತು ಬೆಕ್ಕಿಗೆ ಸಾಕಾಗುವಷ್ಟಿದ್ದರೆ ಬೆಕ್ಕು ಹತ್ತೇ ಇರಬೇಕು.

ಇದೆಲ್ಲ ಪರದೇಶದ ಪುಸ್ತಕದ ಮಾತು ಎನ್ನುವವರಿದ್ದಾರೆ. ಅಲ್ಲ. ಅಂಟುರೋಗಕ್ಕೆ ಅಂತರವೇ ಮೊದಲ ಮದ್ದು ಎಂಬುದು ಈ ಸೀಮೆಗೆ ಚೆನ್ನಾಗಿ ಗೊತ್ತಿರುವ ಸಂಗತಿ. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಪ್ಲೇಗು ಹಬ್ಬಿದಾಗ ಮಂದಿ ಮನೆಗೆ ಕೀಲಿ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡು ಕೂತರು. ಇಲಿ ಸತ್ತ ಮನೆಗೆ ಯಾರೂ ನೆಂಟರನ್ನು ಕರೆಯಲಿಲ್ಲ. ಅಮರಾವತಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಆಂಡ್ರ್ಯೂ ಬುಕನನ್ ಎಂಬಾತ, ಬೆಕ್ಕು ಸಾಕಿದ ಮನೆಗಳಲ್ಲಿ ಪ್ಲೇಗು ಕಡಿಮೆ ಎಂದು ಮುಂದೆ 1908ರ ಹೊತ್ತಿಗೆ ವಾದಿಸಿದ. ನಮ್ಮನ್ನು ಅಂಟುರೋಗದಿಂದ ಕಾಯಲಿ ಎಂದು ಯಾರಿಗೆ ಹೊಣೆ ಹೊರಿಸಿದೆವೋ, ಅವರ ಅಂಟುರೋಗದ ವಿಷಯಕ್ಕೆ ಬಂದಾಗ ಇದ್ದ ಬುದ್ಧಿಯೂ ನಮಗೆ ಮರೆಯುತ್ತದೆ.

ಅಷ್ಟು ಹಿಂದೆ ಹೋಗುವುದೇ ಬೇಡ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆಗಳು ನಿಂತವು. ಎಲ್ಲ ಎತ್ತುಗಳನ್ನೂ ಒಂದೇ ಕೊಟ್ಟಿಗೆಗೆ ತಂದು ಕಟ್ಟಿ, ಪಾಪ ಅವಕ್ಕೂ ಆಸರೆ ಬೇಕಲ್ಲ ಎಂದು ಯಾವ ರೈತನೂ ಹೇಳಲಿಲ್ಲ. ಸಂತೆಯಿಂದ ತಂದ ಹೊಸ ಎತ್ತನ್ನು ನಾಲ್ಕು ದಿನ ದೂರ ಕಟ್ಟುವ ಒಕ್ಕಲಿಗನಿಗೆ ಇರುವ ತಿಳಿವಳಿಕೆ ಬೆಕ್ಕಿನ ವಿಷಯದಲ್ಲಿ ಮಾತ್ರ ಯಾಕೆ ಬೇಡ? ಎತ್ತಿಗೆ ಬೆಲೆಯಿದೆ, ಬೆಕ್ಕಿಗಿಲ್ಲ. ಬೆಲೆಯಿಲ್ಲದ ಜೀವಕ್ಕೆ ನಾವು ಕೊಡುವುದು ಮರುಕ ಮಾತ್ರ. ಮರುಕ ಲೆಕ್ಕ ಇಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇದು ದಾಸೋಹದ ನಾಡು. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ, ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಬಾಗಿಲಿಗೆ ಬಂದವರನ್ನು ಇಲ್ಲ ಅನ್ನುವುದು ಇಲ್ಲಿಯ ಗುಣವಲ್ಲ. ಚೀಲದಲ್ಲಿ ತುಂಬಿ ಗೇಟಿನ ಮುಂದೆ ಬಿಟ್ಟುಹೋದ ಮರಿಗಳನ್ನು ಇಲ್ಲ ಎನ್ನುವುದು ಹೇಗೆ? ಒಪ್ಪುವ ಮಾತು. ಆದರೆ ದಾಸೋಹ ನಡೆಯುವ ರೀತಿಯನ್ನು ನೋಡಿದವರಿಗೆ ಉತ್ತರವೂ ಗೊತ್ತು. ಅಲ್ಲಿ ಪಂಕ್ತಿ ಇರುತ್ತದೆ. ಒಂದು ಪಂಕ್ತಿ ಎದ್ದು, ನೆಲ ಬಳಿದು, ಎಲೆ ಹಾಕಿದ ಮೇಲೆಯೇ ಮುಂದಿನ ಪಂಕ್ತಿ. ಉಣ್ಣುತ್ತಿರುವವರ ಎಲೆಯ ಮೇಲೆ ಇನ್ನೊಬ್ಬರನ್ನು ಕೂರಿಸುವುದಿಲ್ಲ. ಯಾರನ್ನೂ ಹೊರಗೆ ಹಾಕಿದಂತಲ್ಲ ಅದು, ಎಲ್ಲರಿಗೂ ಊಟ ಸಿಗುವ ದಾರಿ. ಬೆಕ್ಕಿನ ಆಶ್ರಯಕ್ಕೆ ಬೇಕಾದದ್ದು ಈ ಪಂಕ್ತಿಯ ಶಿಸ್ತು.

ಶಿಸ್ತು ಎಂದರೆ ಏನು? ಹೊಸದಾಗಿ ಬಂದ ಬೆಕ್ಕು 14 ದಿನ ಬೇರೆಯೇ ಕೋಣೆಯಲ್ಲಿ ಇರಬೇಕು. ರೋಗ ಒಳಗಿದ್ದರೆ ಅಷ್ಟರಲ್ಲಿ ಸಾಮಾನ್ಯವಾಗಿ ಹೊರಗೆ ಕಾಣುತ್ತದೆ. ರೋಗದ ಬೆಕ್ಕಿಗೆ ಮೂರನೆಯ ಕೋಣೆ, ಅದರದ್ದೇ ಬಟ್ಟಲು, ಅದರದ್ದೇ ಪೊರಕೆ, ಒಳಹೋಗುವವರಿಗೆ ಬೇರೆ ಚಪ್ಪಲಿ, ಬೇರೆ ಅಂಗಿ. ಕೆಲಸದ ಸರದಿ ಯಾವಾಗಲೂ ಆರೋಗ್ಯವಂತ ಮರಿಗಳಿಂದ ಶುರುವಾಗಿ ದೊಡ್ಡ ಬೆಕ್ಕುಗಳು, ಹೊಸಬರು, ಕೊನೆಗೆ ರೋಗಿಗಳು. ಹಿಂದಕ್ಕೆ ಬರುವಂತಿಲ್ಲ. ಲಸಿಕೆ ಬಾಗಿಲಲ್ಲೇ ಆಗಬೇಕು, ನಾಳೆಗಲ್ಲ. ಮರಿಗಳಿಗೆ ಒಂದು ಸೂಜಿ ಸಾಲದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವವರೆಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಆ ರಕ್ಷಣೆ ಯಾವ ದಿನ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದಲೇ ಆಶ್ರಯಧಾಮಗಳಲ್ಲಿ ಎರಡೆರಡು ವಾರಕ್ಕೊಮ್ಮೆ, ಮರಿಗೆ 16ರಿಂದ 20 ವಾರ ತುಂಬುವವರೆಗೆ ಲಸಿಕೆ ಹಾಕುತ್ತಾ ಹೋಗಬೇಕು. ‘ಲಸಿಕೆ ಹಾಕಿದ್ದೆವು’ ಎಂಬ ಒಂದು ಮಾತಿನಿಂದ ಮರಿ ಉಳಿಯುವುದಿಲ್ಲ ಎಂಬುದನ್ನು ಬನ್ನೇರುಘಟ್ಟ ತೋರಿಸಿದೆ.

ಆ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಏಪ್ರಿಲ್ ತಿಂಗಳ ಲಕ್ಷ್ಮೇಶ್ವರದಲ್ಲಿ ಕರೆಂಟು ಹೋದಾಗ ಫ್ರಿಜ್ ಯಾರು ನೋಡುತ್ತಾರೆ? ಕಾಲುಬಾಯಿ ರೋಗದ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿ ದನಗಳಿಗೆ ಪುಕ್ಕಟೆ ಸಿಗುತ್ತದೆ, ಸಿಗಬೇಕಾದದ್ದೇ. ಬೆಕ್ಕಿನ ಲಸಿಕೆಗೆ ಅಂಥ ಕಾರ್ಯಕ್ರಮ ಇಲ್ಲ. ಹಾಗಿದ್ದಾಗ ದಾನಿಯ ದುಡ್ಡು ಮೊದಲು ಹೋಗಬೇಕಾದದ್ದು ಸಿಮೆಂಟಿಗೋ ಸೂಜಿಗೋ? ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಯಾವ ಸಂಸ್ಥೆಯೇ ಆಗಲಿ, ನೀಲನಕ್ಷೆ ಬರೆಸಲು ಎಂಜಿನಿಯರ್ ಹತ್ತಿರ ಹೋಗುವ ಮೊದಲು ಅಲ್ಲಿಗೆ ಹೋಗಲಿ.

ರೋಗ ಬಂದ ಮೇಲೆ ಮಾಡುವ ಇನ್ನೊಂದು ಕೆಲಸ ಇನ್ನೂ ಕೆಟ್ಟದ್ದು. ನಾಲ್ಕು ಮರಿ ಸತ್ತ ಕೂಡಲೇ ಹೆದರಿ, ಉಳಿದವನ್ನು ಚೀಲದಲ್ಲಿ ಹಾಕಿ ಊರ ಹೊರಗೆ ಬಿಟ್ಟು ಬರುವುದು. ಬದುಕಿಕೊಳ್ಳಲಿ ಅಂತ. ಊರ ಹೊರಗೆ ಎಂದರೆ ಈ ಸೀಮೆಯಲ್ಲಿ ಕಪ್ಪತಗುಡ್ಡದ ಕಡೆಗೆ. ಅಲ್ಲಿ ಕಾಡುಬೆಕ್ಕಿದೆ, ಚಿರತೆಯಿದೆ, ಅದು ವನ್ಯಜೀವಿಧಾಮ. ಬನ್ನೇರುಘಟ್ಟದಲ್ಲಿ ಸತ್ತದ್ದು ಚಿರತೆಯ ಮರಿಗಳೇ ಎಂಬುದು ನೆನಪಿರಲಿ. ಸೋಂಕು ಕಂಡ ದಿನ ಮಾಡಬೇಕಾದದ್ದು ಮೂರು: ಹೊಸ ಬೆಕ್ಕು ತೆಗೆದುಕೊಳ್ಳುವುದನ್ನು ನಿಲ್ಲಿಸುವುದು, ರೋಗಿಗಳನ್ನೂ ಅವುಗಳ ಜೊತೆಗಿದ್ದವನ್ನೂ ಬೇರೆ ಬೇರೆ ಇಡುವುದು, ಒಂದನ್ನೂ ಹೊರಗೆ ಬಿಡದೆ 14 ದಿನ ಕಾಯುವುದು.

ಹಾಗಾದರೆ ಬೀದಿಯ ಮರಿಗಳ ಗತಿ? ಒಂದೇ ಸೂರಿನಡಿ ನೂರು ಬೆಕ್ಕು ಇಡುವ ಬದಲು ಐವತ್ತು ಮನೆಗಳಲ್ಲಿ ಎರಡೆರಡು ಇಡಿ. ಬೆಟಗೇರಿಯ ನೇಕಾರರ ಓಣಿಯಲ್ಲಿ, ಲಕ್ಷ್ಮೇಶ್ವರದ ಪೇಟೆಯಲ್ಲಿ, ಕಾಳಿನ ಚೀಲ ಇರುವ ಯಾವ ಮನೆಯಲ್ಲೂ ಬೆಕ್ಕು ಹೊಸ ನೆಂಟನಲ್ಲ. ಆ ಮನೆಗಳಿಗೆ ಲಸಿಕೆ, ಹೊಟ್ಟೆಗಿಷ್ಟು, ಸಂತಾನಹರಣ ಶಸ್ತ್ರಚಿಕಿತ್ಸೆಯ ಖರ್ಚು ಕೊಟ್ಟರೆ ಅವೇ ಆಶ್ರಯಧಾಮ. ಒಂದು ಮನೆಯಲ್ಲಿ ರೋಗ ಬಂದರೆ ಎರಡು ಬೆಕ್ಕಿಗೆ ಬಂತು, ನೂರಕ್ಕಲ್ಲ. ಮನೆಯ ಹಳೆಯ ಬೆಕ್ಕಿಗೆ ಲಸಿಕೆ ಆಗದಿದ್ದರೆ ಹೊಸದನ್ನು ಕೊಡಬಾರದು. ಈ ರೋಗಕ್ಕೆ ಮರಿ ಸತ್ತ ಮನೆಗೆ ಒಂದು ವರ್ಷ ಲಸಿಕೆಯಿಲ್ಲದ ಮರಿ ಕೊಡಬಾರದು. ಗಂಡು ಹೆಣ್ಣು ಎರಡಕ್ಕೂ ಶಸ್ತ್ರಚಿಕಿತ್ಸೆ ಆದರೆ, ಚೀಲದಲ್ಲಿ ಬರುವ ಮರಿಗಳೇ ವರ್ಷ ವರ್ಷಕ್ಕೆ ಕಡಿಮೆಯಾಗುತ್ತವೆ. ಪೆಟ್ಟು ಬಿದ್ದದ್ದು, ಕಣ್ಣು ತೆರೆಯದ ತಬ್ಬಲಿ, ಇಂಥವಕ್ಕಷ್ಟೇ ಕಟ್ಟಡ ಇರಲಿ. ಹತ್ತು ಪಂಜರ ಸಾಕು.

ಇದರಲ್ಲಿ ಉದ್ಘಾಟನೆಗೆ ಕತ್ತರಿಸಲು ಟೇಪು ಸಿಗುವುದಿಲ್ಲ ಎಂಬುದೊಂದೇ ಕೊರತೆ.

ನಾಳೆ ನಿಮ್ಮೂರಲ್ಲಿ ಬೆಕ್ಕಿನ ಆಶ್ರಯಧಾಮಕ್ಕೆಂದು ರಸೀದಿ ಪುಸ್ತಕ ಹಿಡಿದು ಯಾರಾದರೂ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಹೊಸ ಬೆಕ್ಕಿಗೆ ಬೇರೆ ಕೋಣೆ ಎಲ್ಲಿದೆ? ಲಸಿಕೆ ಯಾವ ಫ್ರಿಜ್ಜಿನಲ್ಲಿದೆ? ನೀರು ಎಲ್ಲಿಂದ? ಎಷ್ಟು ಬೆಕ್ಕು ಆದ ಮೇಲೆ ಬಾಗಿಲು ಹಾಕುತ್ತೀರಿ? ನಾಲ್ಕಕ್ಕೂ ಉತ್ತರ ಬಂದರೆ ಕೈಬಿಚ್ಚಿ ಕೊಡಿ. ಕೊನೆಯ ಪ್ರಶ್ನೆಗೆ ‘ನಾವು ಯಾವ ಬೆಕ್ಕನ್ನೂ ಬೇಡ ಅನ್ನೋದಿಲ್ಲ’ ಎಂಬ ಉತ್ತರ ಬಂದರೆ, ರಸೀದಿ ವಾಪಸ್ ಕೊಟ್ಟು, ಆ ದುಡ್ಡಿನಲ್ಲಿ ನಿಮ್ಮ ಓಣಿಯ ಒಂದು ಬೆಕ್ಕಿಗೆ ಲಸಿಕೆ ಹಾಕಿಸಿ.